ಗುಂಡು ಬಿದ್ದ ಜಾಗ

1983ರ ಆಗಸ್ಟ್ ತಿಂಗಳಲ್ಲಿ ಅಮೆರಿಕದ ಮೊಂಟಾನಾ ರಾಜ್ಯದ ಒಣ ಹುಲ್ಲುಗಾವಲೊಂದಕ್ಕೆ ಬೆಂಕಿ ಬಿತ್ತು. ಲಿಟಲ್ ಬಿಗ್‌ಹಾರ್ನ್ ನದಿಯ ದಂಡೆಯ ಆ ಗುಡ್ಡಗಳು ಅಮೆರಿಕದ ಚರಿತ್ರೆಯಲ್ಲಿ ಬಹಳ ಹೆಸರಾದವು. 1876ರ ಜೂನ್ 25ರಂದು ಲೆಫ್ಟಿನೆಂಟ್ ಕರ್ನಲ್ ಜಾರ್ಜ್ ಆರ್ಮ್‌ಸ್ಟ್ರಾಂಗ್ ಕಸ್ಟರ್ ಮತ್ತು ಆತನ ಜೊತೆಗಿದ್ದ ಸುಮಾರು 210 ಮಂದಿ ಲಕೋಟಾ, ಷೆಯೆನ್, ಅರಾಪಹೊ ಯೋಧರ ಕೈಯಲ್ಲಿ ಮಡಿದದ್ದು ಅಲ್ಲಿ. ಆ ತುಕಡಿಯಲ್ಲಿ ಕಾದಿದ ಸೈನಿಕರಲ್ಲಿ ಒಬ್ಬನೂ ಉಳಿಯಲಿಲ್ಲವಾದ್ದರಿಂದ, ಕೊನೆಯ ಹೊತ್ತಿನಲ್ಲಿ ಏನಾಯಿತೆಂದು ಸೈನ್ಯದ ಕಡೆಯಿಂದ ಹೇಳುವವರಿರಲಿಲ್ಲ. ಆ ಖಾಲಿ ಜಾಗವನ್ನು ಚಿತ್ರಗಳೂ ಕಥೆಗಳೂ ತುಂಬಿದವು. ಬಿಯರ್ ಕಂಪನಿಯೊಂದು 1896ರಲ್ಲಿ ಮುದ್ರಿಸಿ ಹಂಚಿದ ಬಣ್ಣದ ಚಿತ್ರ ಮದ್ಯದಂಗಡಿಗಳ ಗೋಡೆಗಳನ್ನೇರಿತು. ಸುತ್ತುವರಿದ ಶತ್ರುಗಳ ನಡುವೆ ಕೊನೆಯ ಉಸಿರಿನವರೆಗೂ ಸಾಲು ಬಿಡದೆ ಹೋರಾಡಿದ ವೀರರ ಕಥೆ ಜನರ ಮನಸ್ಸಿನಲ್ಲಿ ಅಚ್ಚೊತ್ತಿತು.

ಬೆಂಕಿ ಆರಿದ ಮೇಲೆ ಪುರಾತತ್ತ್ವಜ್ಞ ರಿಚರ್ಡ್ ಫಾಕ್ಸ್ ಆ ಕರಕಲು ನೆಲವನ್ನು ನಡೆದು ನೋಡಿದರು. ಶತಮಾನದಿಂದ ಹುಲ್ಲಿನ ಮರೆಯಲ್ಲಿದ್ದ ಲೋಹದ ಚೂರುಗಳು ಕಣ್ಣಿಗೆ ಬಿದ್ದವು. 1984 ಮತ್ತು 1985ರಲ್ಲಿ ಅಮೆರಿಕದ ರಾಷ್ಟ್ರೀಯ ಉದ್ಯಾನ ಸೇವೆಯ ಡಗ್ಲಸ್ ಸ್ಕಾಟ್ ಅವರ ನೇತೃತ್ವದಲ್ಲಿ ಅಲ್ಲಿ ವ್ಯವಸ್ಥಿತ ಸಮೀಕ್ಷೆ ನಡೆಯಿತು. ಸ್ವಯಂಸೇವಕರು ಲೋಹಶೋಧಕಗಳನ್ನು ಹಿಡಿದು, ಒಬ್ಬರಿಂದೊಬ್ಬರು ಕೆಲವು ಮೀಟರ್ ಅಂತರ ಬಿಟ್ಟು, ಸಾಲಾಗಿ ಗುಡ್ಡವನ್ನು ನಡೆದರು. ಯಂತ್ರ ದನಿ ಮಾಡಿದ ಕಡೆ ಸಣ್ಣ ಬಾವುಟ ನೆಟ್ಟು ಮುಂದೆ ಹೋದರು, ಅಗೆಯಲಿಲ್ಲ. ಹಿಂದೆ ಬಂದ ತಂಡ ಬಾವುಟವಿದ್ದಲ್ಲಿ ಮಣ್ಣನ್ನು ಮೆಲ್ಲನೆ ಸರಿಸಿ, ವಸ್ತುವನ್ನು ಇದ್ದ ಹಾಗೆಯೇ ಬಿಟ್ಟಿತು. ಇನ್ನೊಂದು ತಂಡ ಮೋಜಣಿ ಉಪಕರಣದಿಂದ ಅದರ ಸ್ಥಾನವನ್ನು ಬರೆದುಕೊಂಡ ಮೇಲೆಯೇ ಅದು ನೆಲ ಬಿಟ್ಟು ಚೀಲ ಸೇರಿದ್ದು. ಹೀಗೆ ಸಂಗ್ರಹವಾದವು ಸುಮಾರು 5,000 ವಸ್ತುಗಳು: ಸೀಸದ ಗುಂಡುಗಳು, ಖಾಲಿ ತೋಟಾಗಳು, ಕಬ್ಬಿಣದ ಬಾಣದ ಮೊನೆಗಳು, ಗುಂಡಿಗಳು, ಜೀನಿನ ಬಕಲುಗಳು, ಲಾಳದ ಮೊಳೆಗಳು.

ಹಳೆಯ ರಣಭೂಮಿಯಲ್ಲಿ ಸಿಕ್ಕ ಲೋಹದ ತುಣುಕನ್ನು ಅಂಗೈಯಲ್ಲಿಟ್ಟುಕೊಂಡವನಿಗೆ ಮೂರು ಪ್ರಶ್ನೆಗಳು ಎದುರಾಗುತ್ತವೆ. ಇದೇನು? ಇದು ಯಾರದು? ಇದು ಇಲ್ಲಿ ಏನು ಮಾಡುತ್ತಿತ್ತು? ಮೊದಲನೆಯದಕ್ಕೆ ಉತ್ತರ ವಸ್ತುವಿನ ಆಕಾರ, ತೂಕಗಳಲ್ಲಿದೆ. ಎರಡನೆಯದಕ್ಕೆ ಅದರ ಮೇಲಿನ ಗುರುತುಗಳಲ್ಲಿ ಇರಬಹುದು. ಮೂರನೆಯದಕ್ಕೆ ಉತ್ತರ ವಸ್ತುವಿನಲ್ಲಿಲ್ಲ, ಅದು ಬಿದ್ದಿದ್ದ ಜಾಗದಲ್ಲಿದೆ. ಇತಿಹಾಸಕ್ಕೆ ಹೆಚ್ಚು ಬೇಕಾದದ್ದು ಆ ಮೂರನೆಯ ಉತ್ತರ. ಹವ್ಯಾಸದ ಅಗೆತದಲ್ಲಿ ಮೊದಲು ನಾಶವಾಗುವುದೂ ಅದೇ.

ಮೊದಲ ಪ್ರಶ್ನೆಯಿಂದ ಹೊರಡೋಣ. ಹದಿನೇಳು, ಹದಿನೆಂಟನೆಯ ಶತಮಾನಗಳ ರಣಭೂಮಿಗಳಲ್ಲಿ ಹೇರಳವಾಗಿ ಸಿಗುವುದು ಮಸ್ಕೆಟ್ ಕೋವಿಯ ಸೀಸದ ಗುಂಡು. ಬಹುಕಾಲ ಮಣ್ಣಿನಲ್ಲಿದ್ದ ಸೀಸದ ಮೇಲೆ ಮಾಸಲು ಬಿಳಿಯ ಪದರವೊಂದು ಕಟ್ಟುತ್ತದೆ. ಕೈಗೆತ್ತಿಕೊಂಡರೆ ಗಾತ್ರಕ್ಕೆ ಮೀರಿದ ಭಾರ. ಗುಂಡು ದುಂಡಗಿದ್ದರೆ ವ್ಯಾಸವನ್ನು ಅಳೆಯಬಹುದು. ಕಲ್ಲಿಗೋ ಮರಕ್ಕೋ ಬಡಿದು ಚಪ್ಪಟೆಯಾಗಿದ್ದರೆ? ಆಗ ನೆರವಿಗೆ ಬರುವುದು ತಕ್ಕಡಿ. ಆಕಾರ ಕೆಟ್ಟರೂ ತೂಕ ಬಹುಮಟ್ಟಿಗೆ ಉಳಿದಿರುತ್ತದೆ. ಒಂದು ಘನ ಸೆಂಟಿಮೀಟರ್ ಸೀಸದ ತೂಕ 11.3 ಗ್ರಾಂ ಎಂಬುದು ಗೊತ್ತಿರುವುದರಿಂದ, ತೂಕದಿಂದ ಗಾತ್ರವನ್ನೂ ಗಾತ್ರದಿಂದ ಮೂಲ ವ್ಯಾಸವನ್ನೂ ಲೆಕ್ಕ ಹಾಕಬಹುದು. 1778ರ ಜೂನ್ 28ರಂದು ನ್ಯೂಜೆರ್ಸಿಯ ಮನ್‌ಮತ್‌ನಲ್ಲಿ ವಾಷಿಂಗ್ಟನ್ನನ ಸೈನ್ಯಕ್ಕೂ ಬ್ರಿಟಿಷರಿಗೂ ನಡೆದ ಕಾಳಗದ ನೆಲವನ್ನು ಹವ್ಯಾಸಿ ಶೋಧಕರ ತಂಡ ಕಟ್ಟಿಕೊಂಡು ವರ್ಷಗಟ್ಟಲೆ ಪರಿಶೀಲಿಸಿದ ಡ್ಯಾನಿಯಲ್ ಸಿವಿಲಿಚ್, ಎರಕದ ಗುಂಡುಗಳೊಳಗೆ ಉಳಿಯುವ ಗಾಳಿಗುಳ್ಳೆಗಳನ್ನೂ ಗಣನೆಗೆ ತಂದುಕೊಂಡು ಇದಕ್ಕೊಂದು ಸೂತ್ರವನ್ನೇ ರೂಪಿಸಿದರು.

ಈ ಲೆಕ್ಕದಿಂದ ಏನು ತಿಳಿಯುತ್ತದೆ? ಬ್ರಿಟಿಷ್ ಕಾಲಾಳುಗಳ ‘ಬ್ರೌನ್ ಬೆಸ್’ ಕೋವಿಯ ನಳಿಗೆ ಸುಮಾರು 19 ಮಿಲಿಮೀಟರ್ ಅಗಲದ್ದು. ಅದಕ್ಕೆ ತುಂಬುತ್ತಿದ್ದ ಗುಂಡು ಸುಮಾರು 17.5 ಮಿಲಿಮೀಟರ್, ತೂಕ 31 ಗ್ರಾಂ ಆಸುಪಾಸು. ಫ್ರೆಂಚರ ಮಸ್ಕೆಟ್ಟಿನ ನಳಿಗೆ ಅದಕ್ಕಿಂತ ಕಿರಿದು. ಗುಂಡು ಸುಮಾರು 16 ಮಿಲಿಮೀಟರ್, ತೂಕ 25 ಗ್ರಾಂ ಸುತ್ತಮುತ್ತ. ಆರು ಗ್ರಾಂಗಳ ಈ ಅಂತರದಿಂದ ಎರಡು ಬಗೆಯ ಕೋವಿಗಳನ್ನು ಬೇರ್ಪಡಿಸಬಹುದು. ಆದರೆ ಕೋವಿ ತಿಳಿದ ಮಾತ್ರಕ್ಕೆ ಕೋವಿ ಹಿಡಿದವನು ತಿಳಿದ ಹಾಗಾಗುವುದಿಲ್ಲ. ಅಮೆರಿಕದ ಬಂಡಾಯಗಾರರ ಬಳಿ ಫ್ರೆಂಚ್ ಕೋವಿಗಳೂ ಇದ್ದವು, ಬ್ರಿಟಿಷ್ ಕೋವಿಗಳೂ ಇದ್ದವು. ನಮ್ಮ ಟಿಪ್ಪುವಿನ ಸೈನ್ಯದಲ್ಲಿಯೂ ಫ್ರೆಂಚರಿಂದ ಬಂದವು, ಇಂಗ್ಲಿಷರಿಂದ ಕಸಿದವು, ಮೈಸೂರಿನಲ್ಲೇ ತಯಾರಾದವು ಎಲ್ಲವೂ ಇದ್ದವು. ಗುಂಡಿನ ಗಾತ್ರ ನೋಡಿ ಪಕ್ಷವನ್ನು ತೀರ್ಮಾನಿಸಲು ಹೋದವನು ಇಲ್ಲಿ ಎಡವುತ್ತಾನೆ.

ಅದೇ ಗುಂಡು ಇನ್ನೊಂದು ಸಂಗತಿಯನ್ನೂ ಹೇಳುತ್ತದೆ. ಹಾರಿದ ಗುಂಡು ಎಲ್ಲಾದರೂ ಬಡಿದು ನುಗ್ಗಾಗಿರುತ್ತದೆ. ಹಾರದೆ ಕೈಜಾರಿ ಬಿದ್ದದ್ದರ ಮೇಲೆ ಅಚ್ಚಿನ ಎರಡು ಹೋಳುಗಳು ಕೂಡಿದ ಗೆರೆಯೂ, ಸೀಸ ಸುರಿದ ಬಾಯಿಯ ಕತ್ತರಿಸಿದ ಗುರುತೂ ಹಾಗೆಯೇ ಇರುತ್ತವೆ. ಕೈಜಾರಿದ ಗುಂಡು ಸಿಪಾಯಿ ನಿಂತು ಕೋವಿ ತುಂಬುತ್ತಿದ್ದ ಜಾಗವನ್ನು ತೋರಿಸುತ್ತದೆ. ನುಗ್ಗಾದ ಗುಂಡು ಅವನು ಗುರಿಯಿಟ್ಟಿದ್ದ ಕಡೆಯನ್ನು. ಎರಡನ್ನೂ ನಕ್ಷೆಯ ಮೇಲೆ ಗುರುತಿಸಿದರೆ ಎರಡು ಸಾಲುಗಳು ಎದುರುಬದುರಾಗಿ ನಿಂತದ್ದು ಕಾಣತೊಡಗುತ್ತದೆ. ಎರಡನ್ನೂ ಒಂದೇ ಡಬ್ಬಿಗೆ ಹಾಕಿದರೆ ಉಳಿಯುವುದು ಒಂದು ಹಿಡಿ ಸೀಸ.

ಹಲ್ಲಿನ ಗುರುತಿರುವ ಗುಂಡುಗಳೂ ಸಿಗುತ್ತವೆ. ಅರಿವಳಿಕೆಯಿಲ್ಲದ ಕಾಲದಲ್ಲಿ ಕೈಕಾಲು ಕತ್ತರಿಸಿಕೊಳ್ಳುವ ಗಾಯಾಳು ನೋವು ತಡೆಯಲು ಕಚ್ಚಿದ ಗುಂಡು ಇದೆಂದು ಸಂಗ್ರಾಹಕರು ಬಹುಕಾಲ ನಂಬಿದ್ದರು. ಅಂಥವಕ್ಕೆ ಬೆಲೆಯೂ ಹೆಚ್ಚು. ಸಿವಿಲಿಚ್ ಆ ಗುರುತುಗಳನ್ನು ಹೋಲಿಸಿ ನೋಡಿದಾಗ ಅವುಗಳಲ್ಲಿ ಅನೇಕವು ಹಂದಿಯ ದವಡೆಯ ಕೆಲಸವೆಂದು ಕಂಡಿತು. ಕಾಳಗ ಮುಗಿದ ಹೊಲದಲ್ಲಿ ಬೇರು ಕೆದಕುತ್ತ ತಿರುಗಿದ ಹಂದಿಗಳು ಗುಂಡನ್ನು ಕಾಳೆಂದು ಬಗೆದು ಅಗಿದು ಉಗುಳಿದ್ದವು. ಗುರುತಿಸುವ ಕೆಲಸದಲ್ಲಿ ಇದು ನೆನಪಿಡಬೇಕಾದ ನಿದರ್ಶನ. ಮನಸ್ಸಿಗೆ ಹಿತವಾಗುವ ಕಥೆಯೊಂದು ಮೊದಲೇ ಸಿದ್ಧವಾಗಿದ್ದರೆ ಕಣ್ಣು ಅದನ್ನೇ ಕಾಣುತ್ತದೆ.

ಎರಡನೆಯ ಪ್ರಶ್ನೆಗೆ, ಅಂದರೆ ವಸ್ತು ಯಾರದೆಂಬುದಕ್ಕೆ, ಗುಂಡಿಗಿಂತ ಅಂಗಿಯ ಗುಂಡಿ ಒಳ್ಳೆಯ ಸಾಕ್ಷಿ. 1767ರ ರಾಜಾಜ್ಞೆಯೊಂದರ ನಂತರ ಬ್ರಿಟಿಷ್ ಕಾಲಾಳು ರೆಜಿಮೆಂಟುಗಳ ಸಿಪಾಯಿಗಳು ತಂತಮ್ಮ ರೆಜಿಮೆಂಟಿನ ಸಂಖ್ಯೆಯಿರುವ ಗುಂಡಿಗಳನ್ನು ತೊಡಬೇಕಾಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಅಲ್ಲಿದ್ದ ಬ್ರಿಟಿಷ್ ರೆಜಿಮೆಂಟುಗಳಲ್ಲಿ 12, 33, 73, 74ನೆಯವು ಸೇರಿದ್ದವು. ಆರ್ಥರ್ ವೆಲ್ಲೆಸ್ಲಿಯ ರೆಜಿಮೆಂಟು 33ನೆಯದು. ಈಸ್ಟ್ ಇಂಡಿಯಾ ಕಂಪನಿಯ ಸ್ವತ್ತಾದರೆ ಹೃದಯಾಕಾರದ ರೇಖೆಯೊಳಗೆ ಹಂಚಿ ಬರೆದ ವಿ.ಇ.ಐ.ಸಿ. ಅಕ್ಷರಗಳ ಮುದ್ರೆ ಇರಬಹುದು. ಟಿಪ್ಪುವಿನ ಆಯುಧಗಳನ್ನು ಹುಲಿಯ ಪಟ್ಟೆಗಳು ತೋರಿಸಿಕೊಡುತ್ತವೆ. ಅವನ ನಾಣ್ಯಗಳ ಕಾಲವನ್ನು ಓದುವಾಗ ಇನ್ನೊಂದು ಎಚ್ಚರ ಬೇಕು. ಅವನು ಆರಂಭಿಸಿದ ಮೌಲೂದಿ ಶಕೆಯಲ್ಲಿ ಅಂಕೆಗಳನ್ನು ಬಲದಿಂದ ಎಡಕ್ಕೆ ಓದಬೇಕು. ಎಡದಿಂದ ಓದಿದವನಿಗೆ 1215 ಎಂಬುದು 5121 ಆಗಿ ಕಾಣುತ್ತದೆ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಲೋಹದ ತೋಟಾ ಬಳಕೆಗೆ ಬಂದ ಮೇಲೆ ಗುರುತಿಸುವ ಕೆಲಸ ಇನ್ನಷ್ಟು ಸೂಕ್ಷ್ಮವಾಯಿತು. ಕುದುರೆ ಎಳೆದಾಗ ಕೋವಿಯೊಳಗಿನ ಮೊಳೆ ತೋಟಾದ ತಳಕ್ಕೆ ಬಡಿಯುತ್ತದೆ. ಗುಂಡು ಹಾರಿದ ಮೇಲೆ ಕೊಕ್ಕೆಯೊಂದು ಖಾಲಿ ತೋಟಾವನ್ನು ಹೊರಗೆಳೆಯುತ್ತದೆ. ಎರಡೂ ತಮ್ಮ ಗುರುತನ್ನು ತೋಟಾದ ಮೇಲೆ ಉಳಿಸುತ್ತವೆ, ಆ ಗುರುತು ಒಂದೊಂದು ಕೋವಿಗೂ ಬೇರೆ ಬೇರೆ. ಕೊಲೆಯ ಮೊಕದ್ದಮೆಗಳಲ್ಲಿ ಪೊಲೀಸ್ ಪ್ರಯೋಗಾಲಯಗಳು ನಂಬುವುದು ಇದನ್ನೇ. ಸ್ಕಾಟ್ ಮತ್ತು ಫಾಕ್ಸ್ ಲಿಟಲ್ ಬಿಗ್‌ಹಾರ್ನಿನ ತೋಟಾಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ಇದೇ ವಿಧಾನದಿಂದ ಪರೀಕ್ಷಿಸಿದರು.

ಕಸ್ಟರನ ಸೈನಿಕರ ಬಳಿ ಇದ್ದದ್ದು 1873ರ ಮಾದರಿಯ ಸ್ಪ್ರಿಂಗ್‌ಫೀಲ್ಡ್ ಕಾರ್ಬೈನು ಮತ್ತು ಕೋಲ್ಟ್ ರಿವಾಲ್ವರು. ಕಾರ್ಬೈನಿಗೆ ಒಂದು ಸಲಕ್ಕೆ ಒಂದೇ ತೋಟಾ. ಎದುರು ಪಕ್ಷದವರ ಬಳಿ ಬಿಲ್ಲುಬಾಣಗಳ ಜೊತೆಗೆ ಹತ್ತಾರು ಬಗೆಯ ಬಂದೂಕುಗಳಿದ್ದವೆಂದೂ, ಅವುಗಳಲ್ಲಿ ಒಂದೇ ಭರ್ತಿಯಲ್ಲಿ ಹಲವು ಸಲ ಹಾರಿಸಬಲ್ಲ ಹೆನ್ರಿ, ವಿಂಚೆಸ್ಟರ್ ರೈಫಲುಗಳೂ ಸೇರಿದ್ದವೆಂದೂ ತೋಟಾಗಳು ತೋರಿಸಿದವು. ಒಂದೇ ಕೋವಿಯಿಂದ ಹಾರಿದ ತೋಟಾಗಳು ಬೇರೆ ಬೇರೆ ಜಾಗಗಳಲ್ಲಿ ಸಿಕ್ಕವು. ಆ ಜಾಗಗಳನ್ನು ಕೂಡಿಸಿ ಗೆರೆ ಎಳೆದರೆ, ಹೆಸರು ತಿಳಿಯದ ಒಬ್ಬ ಮನುಷ್ಯ ನೂರು ವರ್ಷದ ಹಿಂದೆ ಯಾವ ದಿಣ್ಣೆಯಿಂದ ಯಾವ ದಿಣ್ಣೆಗೆ ಹೋದನೆಂಬುದು ಕಾಣುತ್ತಿತ್ತು.

ಹೀಗೆ ಮೂಡಿದ ನಕ್ಷೆ ಮದ್ಯದಂಗಡಿಯ ಚಿತ್ರಕ್ಕೆ ಹೊಂದಲಿಲ್ಲ. ದಕ್ಷಿಣದ ದಿಣ್ಣೆಯೊಂದರಲ್ಲಿ ಸೈನಿಕರ ತೋಟಾಗಳು ಅಂತರ ಬಿಟ್ಟು ಸಾಲಾಗಿ ಬಿದ್ದಿದ್ದವು. ಅಲ್ಲಿ ಕವಾಯತಿನ ಕ್ರಮ ಉಳಿದಿತ್ತು. ಮುಂದೆ ಹೋದ ಹಾಗೆ ಸಾಲು ಅಳಿಸುತ್ತದೆ. ಕೊನೆಯ ಹೋರಾಟದ ಗುಡ್ಡವೆಂದು ಹೆಸರಾದ ಜಾಗದಲ್ಲಿ ಸೈನ್ಯದ ತೋಟಾಗಳು ಕಥೆಗೆ ತಕ್ಕಷ್ಟು ಸಿಗಲಿಲ್ಲ. ತೋಟಾ ನಳಿಗೆಯಲ್ಲಿ ಸಿಕ್ಕಿಕೊಂಡದ್ದೇ ಸೋಲಿನ ಕಾರಣವೆಂಬ ಹಳೆಯ ಸಮಜಾಯಿಷಿಯೂ ನಿಲ್ಲಲಿಲ್ಲ. ಮೀಟಿ ಹೊರತೆಗೆದ ಗುರುತಿದ್ದ ತೋಟಾಗಳು ತೀರ ಕಡಿಮೆ. 1993ರಲ್ಲಿ ಫಾಕ್ಸ್ ತಮ್ಮ ಗ್ರಂಥದಲ್ಲಿ ಈ ಸಾಕ್ಷ್ಯವನ್ನೆಲ್ಲ ಜೋಡಿಸಿ, ಸೈನಿಕರ ಶಿಸ್ತು ಬಹುಬೇಗ ಮುರಿದು, ಭಯಗೊಂಡ ಗುಂಪುಗಳು ಚದರಿ ಓಡಿದವೆಂದೂ, ಸಂಘಟಿತವಾದ ದೀರ್ಘ ಹೋರಾಟವೆಂಬುದು ಅಲ್ಲಿ ನಡೆಯಲಿಲ್ಲವೆಂದೂ ವಾದಿಸಿದರು.

ಈ ಮಾತು ಹೊಸತಾಗಿರಲಿಲ್ಲ. ಕಾಳಗದಲ್ಲಿ ಪಾಲ್ಗೊಂಡ ಲಕೋಟಾ ಮತ್ತು ಷೆಯೆನ್ ಯೋಧರು, ಅದನ್ನು ಕಣ್ಣಾರೆ ಕಂಡ ಅವರ ಹೆಂಗಸರು, ಹೆಚ್ಚುಕಡಿಮೆ ಇದನ್ನೇ ಮೊದಲಿನಿಂದ ಹೇಳುತ್ತ ಬಂದಿದ್ದರು. ಆ ಹೇಳಿಕೆಗಳು ಬರಹಕ್ಕೂ ಇಳಿದಿದ್ದವು. ಗೆದ್ದವರ ಬಡಾಯಿ, ದುಭಾಷಿಗಳ ಎಡವಟ್ಟು, ಅನಕ್ಷರಸ್ಥರ ನೆನಪು ಎಂದು ಬಹುಪಾಲು ಇತಿಹಾಸಕಾರರು ಅವನ್ನು ಬದಿಗೆ ಸರಿಸಿದ್ದರು. ಅವರ ಮಾತಿಗೆ ನೂರು ವರ್ಷಗಳ ನಂತರ ಸಾಕ್ಷಿ ನುಡಿದದ್ದು ಹುಲ್ಲಿನ ಬುಡದ ತೋಟಾಗಳು. ಫಾಕ್ಸರ ಎಲ್ಲ ತೀರ್ಮಾನಗಳನ್ನೂ ಎಲ್ಲರೂ ಒಪ್ಪಿಲ್ಲ. ಸಮೀಕ್ಷೆಗೆ ಮುನ್ನ ನೂರು ವರ್ಷಗಳ ಕಾಲ ಪ್ರವಾಸಿಗರು ಹೆಕ್ಕಿಕೊಂಡು ಹೋದದ್ದು ಎಷ್ಟೆಂಬ ಆಕ್ಷೇಪಣೆ ನ್ಯಾಯವಾದದ್ದೇ. ಆದರೂ ಮೂಲನಿವಾಸಿಗಳ ಹೇಳಿಕೆಗಳನ್ನು ಬದಿಗಿಟ್ಟು ಆ ಕಾಳಗದ ಚರಿತ್ರೆ ಬರೆಯುವುದು ಅಲ್ಲಿಂದಾಚೆಗೆ ಸಾಧ್ಯವಾಗಲಿಲ್ಲ. ಕಸ್ಟರನ ಹೆಸರು ಹೊತ್ತಿದ್ದ ಆ ಸ್ಮಾರಕಕ್ಕೆ 1991ರಲ್ಲಿ ಲಿಟಲ್ ಬಿಗ್‌ಹಾರ್ನ್ ಎಂದು ಮರುನಾಮಕರಣವಾಯಿತು. ಸೈನಿಕರಿಗೆ 1890ರಲ್ಲೇ ಬಿಳಿಯ ಅಮೃತಶಿಲೆಯ ಗುರುತುಗಲ್ಲುಗಳು ಬಂದಿದ್ದವು. ಮಡಿದ ಮೂಲನಿವಾಸಿ ಯೋಧರಿಗೆ ಕೆಂಪು ಕಲ್ಲುಗಳು ಬರತೊಡಗಿದ್ದು 1999ರಲ್ಲಿ.

ಲಿಟಲ್ ಬಿಗ್‌ಹಾರ್ನಿನಲ್ಲಿ ಯುದ್ಧದ ಸ್ಥಳ ಗೊತ್ತಿತ್ತು, ನಡೆದದ್ದು ಗೊತ್ತಿರಲಿಲ್ಲ. ಸ್ಥಳವೇ ಕಳೆದುಹೋಗಿದ್ದ ಯುದ್ಧಗಳೂ ಉಂಟು. ಕ್ರಿ.ಶ. 9ರಲ್ಲಿ ಜರ್ಮೇನಿಯದ ಕಾಡುಗಳಲ್ಲಿ ರೋಮಿನ ಮೂರು ಲೀಜನ್ನುಗಳು ಸೇನಾಪತಿ ವಾರುಸನೊಡನೆ ನಿರ್ನಾಮವಾದವು. ಗೆದ್ದ ನಾಯಕ ಆರ್ಮಿನಿಯುಸನಿಗೆ ಜರ್ಮನರು 1875ರಲ್ಲಿ ಡೆಟ್‌ಮೊಲ್ಡ್ ಬಳಿ ಭಾರಿ ಸ್ಮಾರಕ ಕಟ್ಟಿ ಮುಗಿಸಿದರು. ಯುದ್ಧ ನಡೆದದ್ದು ಎಲ್ಲಿ ಎಂಬುದಕ್ಕೆ ಮಾತ್ರ ಹತ್ತಾರು ಊಹೆಗಳು. ಇತಿಹಾಸಕಾರ ಮೊಮ್‌ಸೆನ್, ಕಾಲ್‌ಕ್ರೀಜ ಸುತ್ತಿನಲ್ಲಿ ಸಿಗುತ್ತಿದ್ದ ರೋಮನ್ ನಾಣ್ಯಗಳನ್ನು ಆಧರಿಸಿ ಅದೇ ಜಾಗವಿರಬೇಕೆಂದು 1885ರಲ್ಲಿ ಸೂಚಿಸಿದ್ದರು. ಅದು ಹೆಚ್ಚು ಮನ್ನಣೆ ಪಡೆಯಲಿಲ್ಲ.

1987ರಲ್ಲಿ ಓಸ್ನಾಬ್ರುಕ್‌ನಲ್ಲಿ ನೆಲೆಸಿದ್ದ ಟೋನಿ ಕ್ಲನ್ ಎಂಬ ಬ್ರಿಟಿಷ್ ಸೇನಾಧಿಕಾರಿ, ಲೋಹಶೋಧಕದ ಹವ್ಯಾಸವಿದ್ದವರು, ನೇರವಾಗಿ ಹೊಲಕ್ಕಿಳಿಯದೆ ಅಲ್ಲಿನ ಪುರಾತತ್ತ್ವಾಧಿಕಾರಿ ವೂಲ್ಫ್‌ಗಾಂಗ್ ಶ್ಲೂಟರ್ ಅವರ ಬಳಿಗೆ ಹೋಗಿ ಎಲ್ಲಿ ಹುಡುಕಲಿ ಎಂದು ಕೇಳಿದರು. ಶ್ಲೂಟರ್ ಕಾಲ್‌ಕ್ರೀಜ ಕಡೆಗೆ ಕಳಿಸಿದರು. ಮೊದಲ ಬೇಸಿಗೆಯಲ್ಲೇ ರೋಮನ್ ಬೆಳ್ಳಿಯ ನಾಣ್ಯಗಳ ರಾಶಿ ದೊರೆಯಿತು. ಅದರಿಂದ ಯುದ್ಧ ಸಾಬೀತಾಗುವುದಿಲ್ಲ. ವ್ಯಾಪಾರಿಯೊಬ್ಬನ ಗಂಟೂ ಆಗಿರಬಹುದು. ಮರುವರ್ಷ ಕ್ಲನ್ ಅವರಿಗೆ ಬಾದಾಮಿಯಾಕಾರದ ಮೂರು ಸೀಸದ ತುಂಡುಗಳು ಸಿಕ್ಕವು. ಅವು ಕವಣೆಗುಂಡುಗಳು. ವ್ಯಾಪಾರಿ ಕವಣೆಗುಂಡು ಹೊತ್ತು ತಿರುಗುವುದಿಲ್ಲ. ಬೆಳ್ಳಿಗಿಂತ ಆ ಸೀಸ ಬೆಲೆಯುಳ್ಳದ್ದಾಯಿತು. 1989ರಲ್ಲಿ ಉತ್ಖನನ ಆರಂಭವಾಗಿ ಆಯುಧಗಳು, ಬೆಳ್ಳಿಯ ಹೊದಿಕೆಯಿದ್ದ ಕಬ್ಬಿಣದ ಮುಖವಾಡ, ಮನುಷ್ಯರ ಮತ್ತು ಹೇಸರಗತ್ತೆಗಳ ಎಲುಬುಗಳಿದ್ದ ಗುಂಡಿಗಳು ಬೆಳಕಿಗೆ ಬಂದವು. ನಾಣ್ಯಗಳಲ್ಲಿ ಕ್ರಿ.ಶ. 9ರ ಆಚೆಯದೊಂದೂ ಇರಲಿಲ್ಲ. ಕೆಲವು ತಾಮ್ರದ ನಾಣ್ಯಗಳ ಮೇಲೆ ವಾರುಸನ ಹೆಸರಿನ ಮರುಮುದ್ರೆಯಿತ್ತು. ಇದು ಕೆಲವು ವರ್ಷಗಳ ನಂತರ ಜರ್ಮಾನಿಕುಸ್ ನಡೆಸಿದ ದಂಡಯಾತ್ರೆಯ ಕುರುಹೆಂದು ಹೇಳುವ ವಿದ್ವಾಂಸರಿದ್ದಾರೆ, ವಾದ ನಡೆಯುತ್ತಲೇ ಇದೆ. ಆದರೆ ವಾದ ಮಾಡುವುದಕ್ಕೆ ಒಂದು ನೆಲ ದೊರೆತದ್ದು, ಹುಡುಕಿದವರು ಪ್ರತಿ ತುಂಡನ್ನೂ ಸಿಕ್ಕ ಜಾಗದ ವಿವರದೊಡನೆ ತಿಳಿದವರಿಗೆ ಒಪ್ಪಿಸಿದ್ದರಿಂದ.

ಇಂಗ್ಲೆಂಡಿನ ಬಾಸ್‌ವರ್ತ್ ಕಾಳಗದ ಕಥೆಯೂ ಇಂಥದೇ. 1485ರ ಆಗಸ್ಟ್ 22ರಂದು ಮೂರನೆಯ ರಿಚರ್ಡ್ ಅಲ್ಲಿ ಮಡಿದು ಟ್ಯೂಡರ್ ವಂಶ ಸಿಂಹಾಸನವೇರಿತು. ಕಾಳಗದ ಸ್ಥಳವೆಂದು ನಂಬಿದ್ದ ಆಂಬಿಯನ್ ಗುಡ್ಡದ ಮೇಲೆ 1970ರ ದಶಕದಲ್ಲಿ ಸಂದರ್ಶಕರ ಕೇಂದ್ರವೂ ತೆರೆದಿತ್ತು. 2005ರಿಂದ ಗ್ಲೆನ್ ಫೋರ್ಡ್ ಅವರ ತಂಡ ಸುತ್ತಲಿನ ಹೊಲಗಳನ್ನು ಲೋಹಶೋಧಕಗಳಿಂದ ಜಾಲಾಡಿದಾಗ, ಗುಡ್ಡದಿಂದ ಸುಮಾರು ಮೂರು ಕಿಲೋಮೀಟರ್ ದೂರದ ತಗ್ಗು ನೆಲದಲ್ಲಿ ಫಿರಂಗಿ ಮತ್ತು ಕೈಕೋವಿಗಳ ಮೂವತ್ತಕ್ಕೂ ಹೆಚ್ಚು ಸೀಸದ ಗುಂಡುಗಳು ಸಿಕ್ಕವು. ಅಲ್ಲೇ ಚಿನ್ನದ ನೀರು ಹೊದಿಸಿದ ಪುಟ್ಟ ಬೆಳ್ಳಿಯ ಹಂದಿಯ ಬಿಲ್ಲೆಯೊಂದು ದೊರೆಯಿತು. ಬಿಳಿಯ ಕಾಡುಹಂದಿ ರಿಚರ್ಡನ ಲಾಂಛನ. ಬೆಳ್ಳಿಯಲ್ಲಿ ಅದನ್ನು ಧರಿಸುವವನು ಅವನ ಹತ್ತಿರದ ಪರಿವಾರದವನು. ಅದೇ ಬಿಲ್ಲೆ ಹರಾಜಿನ ಪೆಟ್ಟಿಗೆಯೊಂದರಲ್ಲಿ ಕಂಡಿದ್ದರೆ ಅಂದವಾದ ಹಳೆಯ ಆಭರಣವೆನಿಸಿಕೊಳ್ಳುತ್ತಿತ್ತು. ಆ ತಗ್ಗಿನಲ್ಲಿ, ಆ ಗುಂಡುಗಳ ನಡುವೆ ಕಂಡದ್ದರಿಂದ ಅದು ದೇಶದ ನಕ್ಷೆಯಲ್ಲಿ ಒಂದು ಯುದ್ಧವನ್ನೇ ಮೂರು ಕಿಲೋಮೀಟರ್ ಸರಿಸಿತು.

ಕನ್ನಡದವರಿಗೆ ಯುದ್ಧದ ನೆನಪೆಂದರೆ ಮೊದಲು ಹೊಳೆಯುವುದು ವೀರಗಲ್ಲು. ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ಬೂತುಗನ ಆಳು ಮಣಲೆರ, ಅವನಿಗೆ ಮೆಚ್ಚುಗೆಯಾಗಿ ದೊರೆತ ಕಾಳಿಯೆಂಬ ನಾಯಿ, ಹಂದಿಯೊಡನೆ ಹೋರಾಡಿ ಅದು ಸತ್ತದ್ದು, ಅದರ ಹಿಂದಿದ್ದ ತಕ್ಕೋಲದ ಯುದ್ಧ, ಶಕವರ್ಷ 872, ಎಲ್ಲವನ್ನೂ ಅದು ತಾನೇ ಹೇಳುತ್ತದೆ. ಕಲ್ಲು ಊರು ಬಿಟ್ಟು ನಗರ ಸೇರಿದರೂ ಅದರ ಊರು ಅದರ ಮೈಮೇಲೆ ಬರೆದಿದೆ. ಅಕ್ಷರವಿರುವ ಕಲ್ಲಿನ ವಿಷಯದಲ್ಲೂ ನಮ್ಮ ಶಾಸನ ಸಂಪುಟಗಳು ಸ್ಥಳ ನಮೂದಿಸುವುದನ್ನು ಬಿಡಲಿಲ್ಲ. ಬಿ.ಎಲ್. ರೈಸರ ‘ಎಪಿಗ್ರಾಫಿಯಾ ಕರ್ನಾಟಿಕಾ’ ತಾಲ್ಲೂಕು, ಗ್ರಾಮಗಳನ್ನಷ್ಟೇ ಹೇಳಿ ನಿಲ್ಲದೆ, ಕಲ್ಲು ದೇವಸ್ಥಾನದ ಯಾವ ಬದಿಗೆ, ಯಾವ ಹೊಲದಲ್ಲಿ, ಕೆರೆಯ ಯಾವ ಕಡೆಗೆ ನಿಂತಿದೆ ಎಂಬುದನ್ನೂ ಬರೆದಿಡುತ್ತದೆ. ಸೀಸದ ಗುಂಡಿಗೆ ಅಕ್ಷರವಿಲ್ಲ. ಅದು ಬಿದ್ದ ಜಾಗವೇ ಅದರ ಶಾಸನ. ಎತ್ತಿದ ಕ್ಷಣದಲ್ಲಿ, ಬರೆದುಕೊಳ್ಳದಿದ್ದರೆ, ಆ ಶಾಸನ ಅಳಿಸಿತು.

ಹೀಗೆ ಅಳಿಸಿಹೋದದ್ದು ಅಪಾರ. ಎರಡನೆಯ ಮಹಾಯುದ್ಧದ ನಂತರ ಅಗ್ಗದ ಲೋಹಶೋಧಕಗಳು ಹವ್ಯಾಸಿಗಳ ಕೈಗೆ ಬಂದ ಮೇಲೆ, ಅಮೆರಿಕದ ಅಂತರ್ಯುದ್ಧದ ಎಷ್ಟೋ ಬಯಲುಗಳು ಬರಿದಾದವು. ಸಂಗ್ರಾಹಕರು ಗುಂಡುಗಳನ್ನು ಬಗೆಬಗೆಯಾಗಿ ಬಲ್ಲವರು. ತಳದಲ್ಲಿ ಮೂರು ಉಂಗುರಗಳಿರುವ ಮಿನಿಯೇ ಗುಂಡನ್ನು ದೂರದಿಂದಲೇ ಗುರುತಿಸಿ ಹೆಸರಿಸುತ್ತಾರೆ. ಗಾಜಿನ ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸಿದ ಆ ಗುಂಡುಗಳಿಗೆ ಹೆಸರಿದೆ, ಊರಿಲ್ಲ. ಅವರ ಜ್ಞಾನವನ್ನು ಹಳಿಯುವಂತಿಲ್ಲ. ಲಿಟಲ್ ಬಿಗ್‌ಹಾರ್ನಿನಲ್ಲೂ ಬಾಸ್‌ವರ್ತ್‌ನಲ್ಲೂ ಯಂತ್ರ ಹಿಡಿದು ನಡೆದವರಲ್ಲಿ ಹವ್ಯಾಸಿಗಳೇ ಹೆಚ್ಚು. ಇದನ್ನರಿತೇ ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ 1997ರಲ್ಲಿ ಒಂದು ಯೋಜನೆ ಆರಂಭವಾಯಿತು: ಸಾರ್ವಜನಿಕರು ತಮಗೆ ಸಿಕ್ಕ ಹಳೆಯ ವಸ್ತುಗಳನ್ನು ಸಿಕ್ಕ ಜಾಗದ ಸಮೇತ ದಾಖಲಿಸಬಹುದು, ವಸ್ತು ಅವರ ಬಳಿಯೇ ಉಳಿಯಬಹುದು. ಹೀಗೆ ದಾಖಲಾದವು ಹತ್ತು ಲಕ್ಷವನ್ನು ದಾಟಿವೆ.

ನಮ್ಮ ನಾಡಿನ ದೊಡ್ಡ ಸೈನಿಕ ಶೋಧವೊಂದಕ್ಕೆ ಲೋಹಶೋಧಕವೂ ಬೇಕಾಗಲಿಲ್ಲ. ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ನಗರ, ಕೆಳದಿ ಅರಸರ ಬಿದನೂರು. 1763ರಲ್ಲಿ ಹೈದರಾಲಿ ಅದನ್ನು ಗೆದ್ದು ತನ್ನ ಹೆಸರಿಟ್ಟ. 1783ರ ಆರಂಭದಲ್ಲಿ ಜನರಲ್ ಮ್ಯಾಥ್ಯೂಸ್ ಹಿಡಿದುಕೊಂಡದ್ದನ್ನು ಟಿಪ್ಪು ಕೆಲವೇ ತಿಂಗಳಲ್ಲಿ ಮರಳಿ ಪಡೆದ. 2002ರಲ್ಲಿ ಅಲ್ಲಿನ ಬಾವಿಯೊಂದರಲ್ಲಿ ತುಕ್ಕುಹಿಡಿದ ಕಬ್ಬಿಣದ ಕೊಳವೆಗಳು ನೂರಕ್ಕೂ ಹೆಚ್ಚು ಸಿಕ್ಕವು. ಶಿವಮೊಗ್ಗದ ಸಂಗ್ರಹಾಲಯ ಸೇರಿದ ಅವನ್ನು ಮೊದಲು ಫಿರಂಗಿಯ ಗುಂಡುಗಳೆಂದೇ ಎಣಿಸಲಾಗಿತ್ತು. ಅವು ಮೈಸೂರಿನ ಯುದ್ಧರಾಕೆಟ್ಟುಗಳೆಂದು ಖಚಿತವಾದದ್ದು ಎಷ್ಟೋ ವರ್ಷಗಳ ಮೇಲೆ. 2018ರ ಜುಲೈನಲ್ಲಿ ರಾಜ್ಯ ಪುರಾತತ್ತ್ವ ಇಲಾಖೆ ಅಲ್ಲಿನ ಬತ್ತಿದ ಬಾವಿಯನ್ನು ಅಗೆಸಿದಾಗ, ಮದ್ದಿನ ವಾಸನೆಯಿದ್ದ ಮಣ್ಣಿನಿಂದ ಇನ್ನೂ ಸಾವಿರಕ್ಕೂ ಮಿಕ್ಕಿ ಮೇಲೆ ಬಂದವು.

ಈ ಕೊಳವೆಗಳ ಹಿರಿಮೆ ಸಣ್ಣದಲ್ಲ. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿಯ ಪೊಳ್ಳಿಲೂರಿನಲ್ಲಿ ಕರ್ನಲ್ ಬೈಲಿಯ ಪಡೆಯನ್ನು ಮೈಸೂರಿನವರು ಸೋಲಿಸಿದಾಗ ರಾಕೆಟ್ಟುಗಳು ಬಳಕೆಯಾಗಿದ್ದವು. ಶ್ರೀರಂಗಪಟ್ಟಣದ ಪತನದ ನಂತರ ಇಂಗ್ಲೆಂಡಿಗೆ ಸಾಗಿದ ಮಾದರಿಗಳನ್ನು ನೋಡಿ ವೂಲಿಚ್‌ನಲ್ಲಿ ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ಟು ರೂಪಿಸಿದ. 1807ರಲ್ಲಿ ಕೋಪನ್‌ಹೇಗನ್ ನಗರ ಅದರ ಉರಿಗೆ ಸಿಕ್ಕಿತು. ಹಾಗಿದ್ದೂ ಬಹುಕಾಲ ಲೋಕದಲ್ಲಿ ಮೈಸೂರು ರಾಕೆಟ್ಟಿನ ಮಾದರಿಗಳನ್ನು ಕಾಣಬೇಕಾದರೆ ವೂಲಿಚ್‌ಗೇ ಹೋಗಬೇಕಿತ್ತು. ನಗರದ ಬಾವಿ ಆ ಸ್ಥಿತಿಯನ್ನು ಬದಲಿಸಿತು. ಆ ಕೊಳವೆಗಳು ಸಾವಿರ ಮನೆಗಳಲ್ಲಿ ಒಂದೊಂದಾಗಿ ಚದರಿದ್ದರೆ ಪ್ರತಿಯೊಂದೂ ಗುಜರಿಗೆ ಹೋಗಬೇಕಾದ ಕಬ್ಬಿಣದ ತುಂಡಾಗುತ್ತಿತ್ತು. ಹಾರಿಸದೆ ಮದ್ದು ತುಂಬಿದ್ದವು ಇಷ್ಟೊಂದು ಒಂದೇ ಬಾವಿಯಲ್ಲಿ ಇದ್ದುದರಿಂದಲೇ, ಇದು ಕಾಳಗದಲ್ಲಿ ಚೆಲ್ಲಿದ್ದಲ್ಲ, ದಾಸ್ತಾನು ಎಂಬುದು ಹೊಳೆಯುತ್ತದೆ. ಶ್ರೀರಂಗಪಟ್ಟಣದಿಂದ ದೂರದ ಮಲೆನಾಡಿನ ಕೋಟೆಯೂ ಸಾವಿರಗಳ ಲೆಕ್ಕದಲ್ಲಿ ರಾಕೆಟ್ಟು ಇಟ್ಟುಕೊಂಡಿತ್ತೆಂಬುದು ತಿಳಿಯುತ್ತದೆ.

ಭಾರತದಲ್ಲಿ ಹೀಗೆ ಸಿಕ್ಕದ್ದನ್ನು ಇಟ್ಟುಕೊಳ್ಳುವುದಕ್ಕೆ ಕಾನೂನಿನ ಅನುಮತಿಯಿಲ್ಲ. 1878ರ ನಿಧಿ ಕಾಯಿದೆ, ನೆಲದಲ್ಲಿ ಹುದುಗಿದ, ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ಯಾವುದೇ ವಸ್ತು ಸಿಕ್ಕರೂ ಜಿಲ್ಲಾಧಿಕಾರಿಗೆ ತಿಳಿಸಬೇಕೆನ್ನುತ್ತದೆ. ಕರ್ನಾಟಕಕ್ಕೆ 1962ರ ತನ್ನದೇ ಕಾಯಿದೆಯಿದೆ. 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯಂತೆ ಸಂರಕ್ಷಿತ ಸ್ಥಳಗಳಲ್ಲಿ ಪರವಾನಗಿಯಿಲ್ಲದೆ ಅಗೆಯುವಂತಿಲ್ಲ. ನೂರು ವರ್ಷ ದಾಟಿದ ವಸ್ತುಗಳು 1972ರ ಕಾಯಿದೆಯ ಪ್ರಕಾರ ಪ್ರಾಚ್ಯವಸ್ತುಗಳು. ಕಾನೂನಿಗಿಂತ ಮೊದಲು ಜೀವದ ಪ್ರಶ್ನೆಯೂ ಇದೆ. ಬೆಲ್ಜಿಯಂ ಮತ್ತು ಫ್ರಾನ್ಸಿನ ರೈತರು ಮೊದಲ ಮಹಾಯುದ್ಧದ ಸಿಡಿಯದ ಷೆಲ್ಲುಗಳನ್ನು ಇಂದಿಗೂ ಪ್ರತಿವರ್ಷ ಉಳುಮೆಯಲ್ಲಿ ಮೇಲೆತ್ತುತ್ತಾರೆ. ಮದ್ದು ಹಳತಾದಷ್ಟೂ ನಿರುಪದ್ರವಿಯಾಗುತ್ತದೆಂಬ ನಂಬಿಕೆ ಸುಳ್ಳು. ಆಕಾರದಿಂದ ಷೆಲ್ಲೆನ್ನಿಸುವ ಯಾವುದನ್ನೂ ಮುಟ್ಟದೆ, ಕೆರೆಯದೆ, ತೊಳೆಯದೆ ಪೊಲೀಸರಿಗೆ ಹೇಳುವುದೊಂದೇ ದಾರಿ.

ಪೊಳ್ಳಿಲೂರು ಚೆನ್ನೈ ಕನ್ನಡಿಗರಿಗೆ ಅರ್ಧ ದಿನದ ಪ್ರಯಾಣ. ಆತಕೂರಿನ ಕಲ್ಲು ಹೇಳುವ ತಕ್ಕೋಲವೂ ಅದೇ ಸೀಮೆಯಲ್ಲಿದೆ. ಪುಣೆಯವರಿಗೆ 1817ರ ಖಡಕಿಯ ರಣಭೂಮಿ ಊರೊಳಗೇ ಇದೆ. ಮನೆ ಕಟ್ಟುವ ಪಾಯದಲ್ಲಿ, ರಸ್ತೆಯ ಅಗೆತದಲ್ಲಿ, ಉಳುವ ಹೊಲದಲ್ಲಿ ಇಂಥ ನೆಲಗಳು ಏನಾದರೊಂದನ್ನು ಹೊರಚೆಲ್ಲಬಹುದು. ಕಂಡವರು ಅದನ್ನು ಇದ್ದಲ್ಲೇ ಬಿಟ್ಟು ಚಿತ್ರ ತೆಗೆದುಕೊಂಡು, ಪಕ್ಕದಲ್ಲಿ ಅಳತೆಗೊಂದು ನಾಣ್ಯವಿಟ್ಟು, ಸರ್ವೆ ನಂಬರನ್ನೂ ಫೋನು ತೋರಿಸುವ ಅಕ್ಷಾಂಶ ರೇಖಾಂಶಗಳನ್ನೂ ಬರೆದುಕೊಂಡು, ಹತ್ತಿರದ ಪುರಾತತ್ತ್ವ ಕಚೇರಿಗೆ ತಿಳಿಸಿದರೆ ಸಾಕು. ಇದೇನು ಎಂಬುದನ್ನು ಬಲ್ಲವರು ಹತ್ತು ವರ್ಷದ ನಂತರವೂ ಹೇಳಿಯಾರು, ನಗರದ ಕೊಳವೆಗಳಿಗೆ ಹಾಗೇ ಆಯಿತು. ಎಲ್ಲಿತ್ತು ಎಂಬುದನ್ನು ಮಾತ್ರ ಕಂಡವರ ಹೊರತು ಇನ್ನಾರೂ ಹೇಳಲಾರರು.